ಹೋಗೆನ್ನಲಾರದೆ ಹೊಗೆ

ಸರ್ಕಾರದ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಹಿರಿಯರಿಗೆ, ಕೆಲಸ ಹೋಗುವುದೆಂದರೆ ಏನೆಂಬ ವಿಷಯದಲ್ಲಿ ಖಚಿತವಾದ ಕಲ್ಪನೆಯಿದೆ. ಮೊದಲು ಮೆಮೊ ಬರಬೇಕು. ಅದಕ್ಕೆ ಸಮಜಾಯಿಷಿ ಕೊಡಬೇಕು. ಆಮೇಲೆ ಆರೋಪಪಟ್ಟಿ, ವಿಚಾರಣಾಧಿಕಾರಿ, ಸಾಕ್ಷಿಗಳು, ವರದಿ. ಇವೆಲ್ಲ ಮುಗಿದ ಮೇಲೆ ಆಜ್ಞೆ. ಸರ್ಕಾರಿ ನೌಕರನಿಗೆ ಆರೋಪವೇನೆಂದು ತಿಳಿಸದೆ, ಅವನ ಮಾತನ್ನು ಕೇಳದೆ, ಸಾಮಾನ್ಯವಾಗಿ ಅವನನ್ನು ವಜಾ ಮಾಡಕೂಡದೆಂದು ಸಂವಿಧಾನದ 311ನೆಯ ಅನುಚ್ಛೇದವೇ ವಿಧಿಸಿದೆ. ಇಂಥ ಹಿರಿಯರ ಮಗನೋ ಮಗಳೋ ಇಂದು ಬೆಂಗಳೂರಿನ ಗಾಜಿನ ಕಟ್ಟಡವೊಂದರಲ್ಲಿ ಸಲಹಾ ಸಂಸ್ಥೆಯ ಉದ್ಯೋಗಿ. ಒಂದು ಸಂಜೆ ಮನೆಗೆ ಬಂದು, “ಈ ಕೆಲಸ ಬಿಡಬೇಕಾಗಬಹುದು” ಎನ್ನುತ್ತಾನೆ. “ಏನು ತಪ್ಪು ಮಾಡಿದೆಯಪ್ಪಾ?” ತಪ್ಪೇನೂ ಇಲ್ಲ. “ತೆಗೆದುಹಾಕಿದರೇನು?” ಅದೂ ಇಲ್ಲ. “ಮತ್ತೆ ಬಿಡುವುದೇಕೆ?” ಈ ಮೂರನೆಯ ಪ್ರಶ್ನೆಗೆ ಅವನ ಬಳಿಯೂ ಸರಿಯಾದ ಉತ್ತರವಿರುವುದಿಲ್ಲ. ‘ಹೋಗೆನ್ನಲಾರದೆ ಹೊಗೆ ಹಾಕಿದರು’ ಎಂಬ ನಮ್ಮ ಗಾದೆಯನ್ನು ಯಾರು ಕಟ್ಟಿದರೋ ತಿಳಿಯದು. ಅವರು ಈ ವೃತ್ತಿಯನ್ನು ಕಂಡಿರಲಾರರು, ಆದರೆ ಅದರ ನಡೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಸಲಹಾ ಸಂಸ್ಥೆ, ಎಂದರೆ ಕನ್ಸಲ್ಟಿಂಗ್ ಕಂಪನಿ, ಮಾರುವ ಸರಕು ಬುದ್ಧಿ. ಬೇರೊಂದು ಕಂಪನಿಗೆ ವೆಚ್ಚ ಹೇಗೆ ತಗ್ಗಬೇಕು, ಹೊಸ ವ್ಯಾಪಾರಕ್ಕೆ ಕೈಹಾಕಬಹುದೇ ಎಂದು ಲೆಕ್ಕಹಾಕಿ ಹೇಳುವುದು, ಹೇಳಿದ್ದಕ್ಕೆ ಶುಲ್ಕ ಪಡೆಯುವುದು. ಈ ವೃತ್ತಿಯ ಹೆಸರಾಂತ ಮನೆಗಳಲ್ಲೊಂದಾದ ಮೆಕಿನ್ಸಿಯನ್ನು ಷಿಕಾಗೋದ ಲೆಕ್ಕಶಾಸ್ತ್ರದ ಅಧ್ಯಾಪಕ ಜೇಮ್ಸ್ ಮೆಕಿನ್ಸಿ 1926ರಲ್ಲಿ ಸ್ಥಾಪಿಸಿದರು. ಅದಕ್ಕೆ ಇಂದಿನ ರೂಪ ಕೊಟ್ಟವರು 1933ರಲ್ಲಿ ಅಲ್ಲಿಗೆ ಸೇರಿದ ಮಾರ್ವಿನ್ ಬೋವರ್. ಅವರು ಮೂಲತಃ ವಕೀಲರು. ಅಮೆರಿಕದ ದೊಡ್ಡ ವಕೀಲಿ ಸಂಸ್ಥೆಗಳ ಶಿಸ್ತನ್ನೇ ಸಲಹೆಯ ವ್ಯಾಪಾರಕ್ಕೂ ತಂದರು. ಆ ಶಿಸ್ತಿನ ಒಂದು ಅಂಗ, ‘ಮೇಲೇರು, ಇಲ್ಲವೇ ಹೊರನಡೆ’ ಎಂಬ ನಿಯಮ. ನ್ಯೂಯಾರ್ಕಿನ ವಕೀಲ ಪಾಲ್ ಕ್ರವಾತ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ತಮ್ಮ ಸಂಸ್ಥೆಯಲ್ಲಿ ಇದನ್ನು ರೂಢಿಗೆ ತಂದಿದ್ದರು. ಕಿರಿಯರನ್ನು ಹೇರಳವಾಗಿ ಸೇರಿಸಿಕೊಳ್ಳುವುದು, ಕೆಲವು ವರ್ಷ ದುಡಿಸುವುದು, ಬಡ್ತಿಗೆ ಯೋಗ್ಯರೆಂದು ತೋರದವರನ್ನು ಅದೇ ಮೆಟ್ಟಿಲಲ್ಲಿ ಮುದುಕರಾಗಲು ಬಿಡದೆ ಕಳುಹಿಸುವುದು. ತಳದಲ್ಲಿ ಹಲವರು, ತುದಿಯಲ್ಲಿ ಕೆಲವರು: ಗೋಪುರದ ಆಕಾರ ಕೆಡದಿರಬೇಕಾದರೆ ನಡುವಿನಿಂದ ಯಾರಾದರೂ ಹೊರಡುತ್ತಲೇ ಇರಬೇಕು. ಹೊರಡುವವನು ದಡ್ಡನಾಗಿರಬೇಕೆಂಬ ಕಟ್ಟಳೆಯೇನೂ ಇಲ್ಲ.

ಕಳುಹಿಸುವ ರೀತಿ ಮಾತ್ರ ಮೃದು. ಇದಕ್ಕೆ ಅಂತಃಕರಣಕ್ಕಿಂತ ಮುಂದಾಲೋಚನೆ ಹೆಚ್ಚಿನ ಕಾರಣ. ಇಂದು ಹೊರಟವನು ನಾಳೆ ಯಾವುದೋ ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ದೊಡ್ಡ ಹುದ್ದೆಗೇರಿ, ಸಲಹೆ ಕೊಳ್ಳುವ ಗಿರಾಕಿಯಾಗಿ ಹಳೆಯ ಮನೆಯ ಬಾಗಿಲಿಗೇ ಬರಬಹುದು. ಬೀಳ್ಕೊಡುವಾಗ ಮನಸ್ಸು ಮುರಿದರೆ ಮುಂದಿನ ವ್ಯಾಪಾರ ಮುರಿದಂತೆ. ಆದ್ದರಿಂದ ಅಲ್ಲಿ ‘ವಜಾ’ ಎಂಬ ಮಾತು ಹುಟ್ಟುವುದಿಲ್ಲ. ‘ಹೊರಗೆ ಅವಕಾಶಗಳನ್ನು ನೋಡುವುದು ಒಳ್ಳೆಯದು’ ಎಂಬ ಹಿತವಚನ ಹುಟ್ಟುತ್ತದೆ.

ಆ ಹಿತವಚನ ಬರುವುದಕ್ಕೆ ಮೊದಲೇ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಈ ವೃತ್ತಿಯಲ್ಲಿ ಒಬ್ಬನ ಬೆಲೆ ಅವನು ಯಾವ ಪ್ರಾಜೆಕ್ಟಿನಲ್ಲಿದ್ದಾನೆ, ಅವನ ಎಷ್ಟು ಗಂಟೆಗಳಿಗೆ ಗಿರಾಕಿ ಹಣ ಕೊಡುತ್ತಿದ್ದಾನೆ ಎಂಬುದರ ಮೇಲೆ ನಿಂತಿದೆ. ಒಂದು ಪ್ರಾಜೆಕ್ಟು ಮುಗಿಯುತ್ತದೆ, ಇನ್ನೊಂದು ಬರುವುದಿಲ್ಲ. ‘ಬೆಂಚಿನ ಮೇಲೆ’ ಕುಳಿತಿರುವವನಿಗೆ ವಾರ ಎರಡಾಗುತ್ತದೆ, ಆರಾಗುತ್ತದೆ. ಹಿಂದೆ ತಮ್ಮ ತಂಡಕ್ಕೇ ಬೇಕೆಂದು ಕೈಹಿಡಿದೆಳೆಯುತ್ತಿದ್ದ ಪಾರ್ಟ್‌ನರು ಈಗ ಲಿಫ್ಟಿನಲ್ಲಿ ಸಿಕ್ಕರೆ ಹವಾಮಾನದ ಮಾತನಾಡುತ್ತಾರೆ. ಸಭೆಯ ಕರೆಯಲ್ಲಿ ಹೆಸರು ಬಿಟ್ಟುಹೋಗಿರುತ್ತದೆ. ಕೇಳಿದರೆ ಕಣ್ತಪ್ಪು ಎನ್ನುತ್ತಾರೆ. ಎಲ್ಲಕ್ಕಿಂತ ಖಚಿತವಾದ ಲಕ್ಷಣವೊಂದಿದೆ: ಈವರೆಗೆ ಕಾಫಿ ಕುಡಿಯುತ್ತ ಬಾಯಲ್ಲಿ ಹೇಳುತ್ತಿದ್ದ ಸಣ್ಣ ತಿದ್ದುಪಡಿಗಳು ಈಗ ಮಿಂಚಂಚೆಯಲ್ಲಿ, ತಾರೀಖು ಸಮೇತ, ಪೂರ್ಣ ವಾಕ್ಯಗಳಲ್ಲಿ ಬರತೊಡಗುತ್ತವೆ. ಸ್ನೇಹದಲ್ಲಿ ಯಾರೂ ಕಡತ ಕಟ್ಟುವುದಿಲ್ಲ.

ಕೊನೆಗೆ ಒಂದು ಸಭೆ. ಮೇಲಧಿಕಾರಿಯ ಪಕ್ಕದಲ್ಲಿ ಮಾನವ ಸಂಪನ್ಮೂಲ ವಿಭಾಗದವರೊಬ್ಬರು ಸುಮ್ಮನೆ ಕುಳಿತಿರುತ್ತಾರೆ. “ನಿಮಗೆ ಇಲ್ಲಿ ಸಂತೋಷವಿದೆಯೇ?” ಎಂಬ ಕುಶಲಪ್ರಶ್ನೆಯಿಂದ ಮಾತು ಮೊದಲಾಗಿ, ಮೂವತ್ತು, ಅರುವತ್ತು ಅಥವಾ ತೊಂಬತ್ತು ದಿನಗಳ ‘ಸುಧಾರಣಾ ಯೋಜನೆ’ಗೆ ಬಂದು ನಿಲ್ಲುತ್ತದೆ. ಆ ಯೋಜನೆಯ ಕಾಗದವನ್ನು ನಿಧಾನವಾಗಿ ಓದಬೇಕು. ‘ಇಂಥ ತಾರೀಖಿನೊಳಗೆ ಇಂಥ ಕೆಲಸ’ ಎಂದು ಅಳೆಯಬಹುದಾದ ಗುರಿಗಳಿದ್ದು, ಅದನ್ನು ಮಾಡಿತೋರಿಸಲು ಪ್ರಾಜೆಕ್ಟನ್ನೂ ಕೊಟ್ಟಿದ್ದರೆ, ಅದು ನಿಜವಾದ ಅವಕಾಶವಾಗಿರಬಹುದು. ಹಾಗೆ ಉಳಿದುಕೊಂಡವರೂ ಇದ್ದಾರೆ. ‘ಗಾಂಭೀರ್ಯ ಸಾಲದು’, ‘ಮುಂದಾಳುತನ ಕಾಣಬೇಕು’ ಎಂಬಂಥ ಗಾಳಿಮಾತುಗಳೇ ತುಂಬಿದ್ದು, ತೋರಿಸುವುದಕ್ಕೆ ಕೆಲಸವನ್ನೇ ಕೊಡದಿದ್ದರೆ, ತೀರ್ಮಾನ ಆಗಿಹೋಗಿದೆಯೆಂದೇ ತಿಳಿಯಬೇಕು. ಈಜು ಕಲಿತು ತೋರಿಸೆಂದು ಹೇಳಿ ಕೆರೆಯ ನೀರನ್ನು ಹೊರಬಿಟ್ಟಂತೆ ಅದು.

ಇಲ್ಲಿ ಬಹಳ ಮಂದಿ ದಾರಿ ತಪ್ಪುತ್ತಾರೆ. ತಪ್ಪುವುದಕ್ಕೆ ಕಾರಣವೂ ಇದೆ. ಇಂಥ ಸಂಸ್ಥೆಗಳು ಆರಿಸಿಕೊಳ್ಳುವುದು ಒಳ್ಳೆಯ ಕಾಲೇಜುಗಳ ಮೇಲ್ದರ್ಜೆಯ ವಿದ್ಯಾರ್ಥಿಗಳನ್ನು. ಎಸ್.ಎಸ್.ಎಲ್.ಸಿ.ಯಿಂದ ಮೊದಲುಗೊಂಡು ಪ್ರತಿಯೊಂದು ಪರೀಕ್ಷೆಯಲ್ಲಿಯೂ ಹೆಚ್ಚು ಓದಿದರೆ ಹೆಚ್ಚು ಅಂಕ ಎಂಬ ನ್ಯಾಯವನ್ನೇ ಕಂಡು ಬೆಳೆದವರು ಅವರು. ಅಂಥವನಿಗೆ ಬದುಕಿನಲ್ಲಿ ಮೊದಲ ಬಾರಿ ‘ಸಾಲದು’ ಎಂಬ ಮಾತು ಕೇಳಿಬರುತ್ತದೆ. ಅದೂ ಸ್ಪಷ್ಟವಾಗಿ ಅಲ್ಲ. ಆಗ ಅವನು ತನಗೆ ತಿಳಿದಿರುವ ಒಂದೇ ಉಪಾಯವನ್ನು ಹೂಡುತ್ತಾನೆ: ಇನ್ನಷ್ಟು ಓದುತ್ತಾನೆ. ರಾತ್ರಿ ಎರಡು ಗಂಟೆಯವರೆಗೆ ಕುಳಿತು ಯಾರೂ ಕೇಳದ ವರದಿಗಳನ್ನು ತಿದ್ದುತ್ತಾನೆ. ತೊಂಬತ್ತು ದಿನಗಳು ಕಳೆದಾಗ ಅವನ ಕೈಯಲ್ಲಿ ಬೇರೆ ಕೆಲಸವೂ ಇಲ್ಲ, ಮೈಯಲ್ಲಿ ಶಕ್ತಿಯೂ ಇಲ್ಲ. ಸಂಸ್ಥೆಯವರು ಕಟುವಾಗಿ ನಡೆದುಕೊಂಡಿದ್ದರೆ ಅವರ ಮೇಲಾದರೂ ಸಿಟ್ಟಾಗಬಹುದಿತ್ತು. ಅವರ ಮೃದುತನ ಆ ಸಿಟ್ಟನ್ನೆಲ್ಲ ಅವನ ಒಳಗೇ ತಿರುಗಿಸಿಬಿಡುತ್ತದೆ. ಈ ಪದ್ಧತಿಯ ನಿಜವಾದ ಕ್ರೌರ್ಯ ಇರುವುದು ಇಲ್ಲಿಯೇ.

ತೀರ್ಪು ಎಷ್ಟೋ ವೇಳೆ ಅವನದಲ್ಲ, ಮಾರುಕಟ್ಟೆಯದು. ಕೊರೊನಾದ ಬೆನ್ನಿಗೇ ವಿಪರೀತವಾಗಿ ಜನರನ್ನು ಸೇರಿಸಿಕೊಂಡ ಸಂಸ್ಥೆಗಳು ಬೇಡಿಕೆ ಇಳಿದೊಡನೆ ಕೈ ಬಿಗಿಹಿಡಿದವು. 2023ರ ಮಾರ್ಚಿಯಲ್ಲಿ ಆಕ್ಸೆಂಚರ್ ಹದಿನೆಂಟು ತಿಂಗಳಲ್ಲಿ 19,000 ಹುದ್ದೆಗಳನ್ನು ಕಡಿಮೆ ಮಾಡುವುದಾಗಿ ಸಾರಿತು. ಸಾರಿ ಹೇಳುವುದು ಒಂದು ಬಗೆ. ಹೇಳದೆ, ಗುಣಮಾಪನದ ಪಟ್ಟಿಯನ್ನೇ ಸ್ವಲ್ಪ ಬಿಗಿಮಾಡಿ, ಹೋದ ವರ್ಷ ‘ಉತ್ತಮ’ನಾಗಿದ್ದವನನ್ನು ಈ ವರ್ಷ ‘ಸಾಧಾರಣ’ನಾಗಿಸುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಪತ್ರಿಕೆಯಲ್ಲಿ ಸುದ್ದಿಯಾಗುವ ಭಯವಿಲ್ಲ.

ಆದ್ದರಿಂದ ಯೋಗ್ಯತೆಯ ವಾದವನ್ನು ಅಲ್ಲಿಗೇ ಬಿಟ್ಟು ವ್ಯವಹಾರಕ್ಕೆ ಇಳಿಯುವುದು ಜಾಣತನ. ಕುರ್ಚಿಯಲ್ಲಿ ಕುಳಿತಿರುವಾಗ ಕೇಳಿದ್ದಕ್ಕೆ ಇರುವ ಬೆಲೆ ಎದ್ದ ಮೇಲೆ ಇರುವುದಿಲ್ಲ. ಮೊದಲನೆಯದಾಗಿ, ಸಭೆಯಲ್ಲಿಯೇ ರಾಜೀನಾಮೆಗೆ ರುಜು ಹಾಕಕೂಡದು. ಎಷ್ಟೇ ನಯವಾಗಿ ಲೇಖನಿ ಮುಂದಿಟ್ಟರೂ “ನಾಲ್ಕು ದಿನ ಸಮಯ ಕೊಡಿ” ಎನ್ನಬೇಕು. ಕೇಳಬೇಕಾದವು ಮೂರು: ತಾರೀಖು, ಹಣ, ಮಾತು. ಕೊನೆಯ ದಿನ ಯಾವುದು, ಅಲ್ಲಿಯವರೆಗೆ ಸಂಬಳದ ಮೇಲಿದ್ದುಕೊಂಡೇ ಬೇರೆ ಕೆಲಸ ಹುಡುಕಬಹುದೇ? ಹೆಸರಾಂತ ಸಂಸ್ಥೆಗಳು ಇದಕ್ಕೆ ಕೆಲವು ತಿಂಗಳ ಅವಕಾಶ ಕೊಡುವ ವಾಡಿಕೆಯುಂಟು; 2024ರಲ್ಲಿ ಬ್ರಿಟನ್ನಿನ ಮೆಕಿನ್ಸಿ ಶಾಖೆ ಕೆಲವರಿಗೆ ಒಂಬತ್ತು ತಿಂಗಳವರೆಗೆ ಸಂಬಳ ಕೊಟ್ಟು ಬೇರೆಡೆ ಕೆಲಸ ಹುಡುಕಿಕೊಳ್ಳಲು ಬಿಟ್ಟಿತೆಂದು ಅಲ್ಲಿನ ಪತ್ರಿಕೆಗಳು ಬರೆದವು. ನೋಟಿಸಿನ ಅವಧಿಯ ಸಂಬಳ, ಉಳಿದ ರಜೆಯ ಹಣ, ಸೇರುವಾಗ ಕೊಟ್ಟ ಬೋನಸನ್ನು ಹಿಂದಕ್ಕೆ ಕೇಳುತ್ತಾರೆಯೇ ಎಂಬುದು, ಇವೆಲ್ಲ ಬರಹದಲ್ಲಿ ಬರಬೇಕು. ಗ್ರಾಚ್ಯುಯಿಟಿಗೆ ಖಾಯಂ ನೌಕರನಿಗೆ ಐದು ವರ್ಷದ ಸತತ ಸೇವೆ ಬೇಕು. ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನದಂತೆ ಅದು ಸಲ್ಲುತ್ತದೆ. ನಾಲ್ಕು ವರ್ಷ ಹತ್ತು ತಿಂಗಳಾದವನು ಎರಡು ತಿಂಗಳ ಮುಂದೂಡಿಕೆ ಕೇಳದೆ ಹೊರಟರೆ ಅದಕ್ಕೆ ಸಂಕೋಚವೆನ್ನುವಂತಿಲ್ಲ, ಅಲಕ್ಷ್ಯವೆನ್ನಬೇಕು. ಮೂರನೆಯದು ಮಾತು: ಬಿಡುಗಡೆ ಪತ್ರದಲ್ಲಿಯೂ ಅನುಭವ ಪತ್ರದಲ್ಲಿಯೂ ಏನು ಬರೆಯುತ್ತಾರೆ, ಹೊಸ ಕಂಪನಿಯವರು ವಿಚಾರಿಸಿದರೆ ಯಾರು ಏನು ಹೇಳುತ್ತಾರೆ ಎಂಬುದು.

ಕಾನೂನಿನ ಆಸರೆ ಸ್ವಲ್ಪ ಇದೆ, ಬಹಳವಿಲ್ಲ. ಆರು ತಿಂಗಳ ಸತತ ಸೇವೆಯಾದ ನೌಕರನನ್ನು ಸಮಂಜಸವಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸನ್ನೋ ಅದರ ಬದಲು ಸಂಬಳವನ್ನೋ ಕೊಡದೆ ತೆಗೆಯಕೂಡದೆಂದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ 39ನೆಯ ಕಲಮು ಹೇಳುತ್ತದೆ. ಆದರೆ ಆಡಳಿತದ ಹುದ್ದೆಗಳಲ್ಲಿರುವವರನ್ನು ಅದೇ ಕಾಯಿದೆ ಹೊರಗಿಟ್ಟಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಮುಖ್ಯವಾಗಿ ವ್ಯವಸ್ಥಾಪಕರ ಕೆಲಸ ಮಾಡುವವರನ್ನು ‘ಕಾರ್ಮಿಕ’ರೆಂದು ಎಣಿಸುವುದಿಲ್ಲ. ಒಂದು ಸೂಕ್ಷ್ಮ ಉಳಿದಿದೆ: ಹುದ್ದೆಯ ಹೆಸರಿನಲ್ಲಿ ‘ಮ್ಯಾನೇಜರ್’ ಎಂದಿದ್ದ ಮಾತ್ರಕ್ಕೆ ಒಬ್ಬನು ಮ್ಯಾನೇಜರನಾಗುವುದಿಲ್ಲ, ಅವನು ವಾಸ್ತವವಾಗಿ ಏನು ಕೆಲಸ ಮಾಡುತ್ತಿದ್ದನೆಂಬುದೇ ಮುಖ್ಯವೆಂದು ನ್ಯಾಯಾಲಯಗಳು ಮತ್ತೆಮತ್ತೆ ಹೇಳಿವೆ. ಬಲವಂತದಿಂದ ರಾಜೀನಾಮೆ ಬರೆಸುತ್ತಿದ್ದಾರೆಂದು ಕಂಡರೆ, ರುಜುವಿಗೆ ಮುಂಚೆ ವಕೀಲರೊಬ್ಬರನ್ನು ಕಾಣುವುದಕ್ಕೆ ಈ ಸೂಕ್ಷ್ಮವೊಂದೇ ಸಾಕಾದ ಕಾರಣ.

ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವ ನಮ್ಮವರ ಲೆಕ್ಕ ಬೇರೆ. 2017ರಿಂದ ಅಲ್ಲಿರುವ ನಿಯಮದಂತೆ, ಕೆಲಸ ಕೊನೆಗೊಂಡ ಮೇಲೆ ಹೆಚ್ಚೆಂದರೆ 60 ದಿನಗಳೊಳಗೆ ಹೊಸ ಕಂಪನಿಯ ಅರ್ಜಿ ಸಲ್ಲಬೇಕು, ಇಲ್ಲವೇ ಬೇರೊಂದು ವೀಸಾಕ್ಕೆ ಬದಲಾಯಿಸಿಕೊಳ್ಳಬೇಕು, ಅದೂ ಆಗದಿದ್ದರೆ ದೇಶ ಬಿಡಬೇಕು. ಮಕ್ಕಳ ಶಾಲೆ, ಮನೆಯ ಬಾಡಿಗೆಯ ಕರಾರು, ಕಾರಿನ ಸಾಲ, ಎಲ್ಲವೂ ಆ ಅರುವತ್ತರೊಳಗೆ. ಅಂಥವರು ಒಂದು ತಿಂಗಳ ಹೆಚ್ಚಿನ ಹಣಕ್ಕಿಂತ, ನೌಕರಿಯ ಪಟ್ಟಿಯಲ್ಲಿ ಒಂದು ತಿಂಗಳು ಹೆಚ್ಚು ಹೆಸರಿರುವಂತೆ ಕೇಳುವುದು ಲೇಸು.

ಇನ್ನು ಮನೆಯ ಮಾತು. ಗೃಹಪ್ರವೇಶವಾಗಿ ಎರಡು ವರ್ಷವಾಗಿಲ್ಲ, ಸಾಲದ ಕಂತು ಇನ್ನೂ ಹದಿನೆಂಟು ವರ್ಷವಿದೆ, ತಂಗಿಯ ಮದುವೆಯ ಮಾತುಕತೆ ನಡೆಯುತ್ತಿದೆ: ಇಂಥ ಹೊತ್ತಿನಲ್ಲಿ ಅವನು ವಿಷಯವನ್ನು ಮುಚ್ಚಿಡುತ್ತಾನೆ. ಎಂದಿನಂತೆ ಬೆಳಗ್ಗೆ ಅಂಗಿ ತೊಟ್ಟು ಹೊರಡುತ್ತಾನೆ. ಮಾಡುವ ಕೆಲಸವಿಲ್ಲದ ಕಚೇರಿಯಲ್ಲಿ ಸಂಜೆಯವರೆಗೆ ಕೂರುತ್ತಾನೆ. ಹೆಂಡತಿಗೆ ಮೊದಲ ವಾರವೇ ತಿಳಿದಿದ್ದರೆ ಖರ್ಚಿಗೆ ಮೊದಲ ತಿಂಗಳೇ ಕಡಿವಾಣ ಬೀಳುತ್ತಿತ್ತು. ಮೂರನೆಯ ತಿಂಗಳು ತಿಳಿದರೆ ಹಣದ ಕೊರತೆಯ ಮೇಲೆ ನಂಬಿಕೆಯ ಕೊರತೆಯೂ ಸೇರುತ್ತದೆ. ತಂದೆತಾಯಿಗಳು ದಿನವೂ “ಏನಾಯಿತಪ್ಪಾ?” ಎಂದು ಕೇಳದಿರುವುದು ದೊಡ್ಡ ಉಪಕಾರ. ಕೆಲಸವಿದ್ದಾಗಲೇ ಹುಡುಕುವವನಿಗೆ ಸಂದರ್ಶನದಲ್ಲಿ ದನಿ ನಡುಗುವುದಿಲ್ಲ. ಆ ದನಿಯನ್ನು ಕಾಪಾಡುವ ಹೊಣೆ ಅರ್ಧ ಮನೆಯವರದು. ನೆಂಟರ ಮುಂದೆ ಹೇಳುವುದಕ್ಕೆ “ಬೇರೆ ಕಡೆ ನೋಡುತ್ತಿದ್ದಾನೆ” ಎಂಬ ಮಾತು ಸಾಕು. ಅದು ಸುಳ್ಳೂ ಅಲ್ಲ.

ಮನೆಯ ಹಿರಿಯರಿಗೇ ಸಂಬಂಧಿಸಿದ ಒಂದು ವಿಷಯವನ್ನು ಮಾತ್ರ ಯಾರೂ ಜ್ಞಾಪಿಸುವುದಿಲ್ಲ. ಇಂಥ ಕಂಪನಿಗಳು ಉದ್ಯೋಗಿಯ ಹೆಸರಿನಲ್ಲಿ ಮಾಡಿಸಿರುವ ಆರೋಗ್ಯ ವಿಮೆಯಲ್ಲಿ ತಂದೆತಾಯಿಗಳನ್ನೂ ಸೇರಿಸಿರುವುದು ಸಾಮಾನ್ಯ. ಸಾಧಾರಣವಾಗಿ ಅದು ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಅದನ್ನು ಬದಲಾಯಿಸಿಕೊಳ್ಳುವ ಅವಕಾಶವಿದೆ. ಅರ್ಜಿಯನ್ನು ಮಾತ್ರ ಹೊರಡುವುದಕ್ಕೆ ಮೊದಲೇ ಕೊಟ್ಟಿರಬೇಕು. ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇರುವ ಎಪ್ಪತ್ತರ ವಯಸ್ಸಿನವರಿಗೆ ಹೊಸದಾಗಿ ವಿಮೆ ದೊರಕಿಸುವುದು ಹೊಸ ನೌಕರಿ ದೊರಕಿಸುವುದಕ್ಕಿಂತ ಕಷ್ಟ. ಲ್ಯಾಪ್‌ಟಾಪು, ಗುರುತಿನ ಚೀಟಿ ಒಪ್ಪಿಸುವ ದಿನದ ಗಡಿಬಿಡಿಯಲ್ಲಿ ಈ ಅರ್ಜಿ ಮರೆತುಹೋಗುವುದೇ ಹೆಚ್ಚು. ಅದನ್ನು ಸಾಕಷ್ಟು ಮೊದಲೇ ತುಂಬಿಸಿ, ಸ್ವೀಕೃತಿ ಪಡೆದಿರಬೇಕು.