ಹೊಗೆಗೆ ದಂಡ, ದಂಡಕ್ಕೆ ತಡೆ

ಆಸ್ಪತ್ರೆಗಳ ರಕ್ತಸಿಕ್ತ ಬಟ್ಟೆ, ಕತ್ತರಿಸಿ ತೆಗೆದ ಅಂಗಭಾಗಗಳನ್ನು ಒಟ್ಟುಮಾಡಿ ಸುಡುವ ಸಾಮೂಹಿಕ ಘಟಕಗಳು ಜನರ ಗಮನಕ್ಕೆ ಬರುವುದು ಚಿಮಣಿಯಿಂದ ಕಪ್ಪು ಹೊಗೆ ಎದ್ದಾಗ ಮಾತ್ರ. ಊರವರು ದೂರು ಕೊಡುತ್ತಾರೆ. ಪರಿಸರ ಪರಿಹಾರವೆಂದು ಇಂತಿಷ್ಟು ಹಣ ಕಟ್ಟುವಂತೆ ಮಾಲಿನ್ಯ ನಿಯಂತ್ರಣ ಮಂಡಳಿ ಆದೇಶಿಸುತ್ತದೆ. ಗೆದ್ದೆವೆಂದು ಊರು ಸುಮ್ಮನಾಗುವ ಹೊತ್ತಿಗೆ ಘಟಕದ ಮಾಲೀಕರು ನ್ಯಾಯಾಲಯದ ಮೆಟ್ಟಿಲೇರಿರುತ್ತಾರೆ.

ಅಲ್ಲಿ ವಿಚಾರಣೆಗೆ ಬರುವುದು ಹೊಗೆಗಿಂತ ಹೆಚ್ಚಾಗಿ ಹೊಗೆಯನ್ನು ಅಳೆದ ಕ್ರಮ. 1981ರ ವಾಯು ಕಾಯ್ದೆಯ 26ನೇ ಕಲಮಿನಂತೆ, ಅಧಿಕಾರಿಯು ಸ್ಥಳದಲ್ಲೇ ನೋಟಿಸು ಕೊಟ್ಟು, ಘಟಕದವರ ಸಮಕ್ಷಮದಲ್ಲಿ ಮಾದರಿ ಸಂಗ್ರಹಿಸಿ, ಮೊಹರು ಹಾಕಿ, ಸಹಿ ಮಾಡಿಸಿ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಇದು ತಪ್ಪಿದರೆ ವರದಿ ಸಾಕ್ಷ್ಯವಾಗಿ ನಿಲ್ಲದು. ಅವಸರದ ಒಂದು ತಪಾಸಣೆ ಊರಿನ ಹಲವು ವರ್ಷಗಳ ಕೆಮ್ಮನ್ನು ಕಡತದಿಂದ ಅಳಿಸಿಬಿಡಬಲ್ಲದು.

ಮಂಡಳಿಗೆ ಹಣ ವಿಧಿಸುವ ಅಧಿಕಾರವೇ ಇಲ್ಲವೆಂಬ ವಾದವೂ ಬಹುಕಾಲ ನಡೆಯಿತು. ಕಟ್ಟಡಗಳಿಗೆ ಸಂಬಂಧಿಸಿದ ಮೊಕದ್ದಮೆಗಳಲ್ಲಿ ದೆಹಲಿ ಹೈಕೋರ್ಟು 2012ರಲ್ಲಿ ಹಾಗೆಯೇ ತೀರ್ಪಿತ್ತಿತ್ತು. ಸುಪ್ರೀಂ ಕೋರ್ಟು 2025ರ ಆಗಸ್ಟ್ 4ರಂದು ಅದನ್ನು ಒಪ್ಪಲಿಲ್ಲ. ಶಿಕ್ಷೆಯ ದಂಡ ಬೇರೆ, ಹಾನಿಯ ಪರಿಹಾರ ಬೇರೆ. ಜಲ ಕಾಯ್ದೆಯ 33ಎ ಹಾಗೂ ವಾಯು ಕಾಯ್ದೆಯ 31ಎ ಕಲಮುಗಳಡಿ ಮಂಡಳಿಗಳು ಪರಿಹಾರದ ಮೊತ್ತವನ್ನೋ ಬ್ಯಾಂಕ್ ಖಾತರಿಯನ್ನೋ ಪಡೆಯಬಹುದು ಎಂದಿತು. ಆದರೆ ಸಹಜ ನ್ಯಾಯಕ್ಕೆ ಎಡೆಯಿರುವ ನಿಯಮಗಳನ್ನು ರೂಪಿಸಿಕೊಂಡ ಮೇಲಷ್ಟೇ ಎಂಬ ಷರತ್ತನ್ನೂ ಹಾಕಿತು. ಮುಂದಿನ ಮೇಲ್ಮನವಿಗಳು ಈ ಷರತ್ತನ್ನೇ ಹಿಡಿದು ಬರುವುದು ಸಹಜ.

ಘಟಕದವರ ಅಳಲಿನಲ್ಲಿ ಹುರುಳೇ ಇಲ್ಲವೆನ್ನಲಾಗದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಕಸವನ್ನು ಹಳದಿ, ಕೆಂಪು, ಬಿಳಿ, ನೀಲಿ ಎಂದು ಬೇರ್ಪಡಿಸಬೇಕಾದುದು ಆಸ್ಪತ್ರೆ. ಕೆಂಪು ಚೀಲಕ್ಕೆ ಹೋಗಬೇಕಾದ ಪ್ಲಾಸ್ಟಿಕ್ ಸುಡುವ ಹಳದಿ ಚೀಲಕ್ಕೆ ಬಿದ್ದು, ಅದರಲ್ಲಿ ಕ್ಲೋರಿನ್ ಇದ್ದು, ಕುಲುಮೆಯ ಎರಡನೆಯ ಕೋಣೆಯ ಶಾಖ 1050 ಡಿಗ್ರಿಯ ಆಸುಪಾಸಿನಲ್ಲಿ ಉಳಿಯದಿದ್ದರೆ ಡಯಾಕ್ಸಿನ್ ವಿಷ ಗಾಳಿಗೆ ಸೇರುತ್ತದೆ. ಬೆರೆಸಿದವರು ಯಾರೋ, ದಂಡ ತೆರುವವರು ಯಾರೋ ಎಂಬುದು ಘಟಕದವರ ವಾದ. ಆದರೆ ಬೇರ್ಪಡಿಸದೆ ಕೊಡುವ ಆಸ್ಪತ್ರೆಯ ವಿಷಯವನ್ನು ತಕ್ಷಣ ಪ್ರಾಧಿಕಾರಕ್ಕೆ ತಿಳಿಸುವ ಹೊಣೆಯನ್ನು ಅದೇ ನಿಯಮಗಳು ಘಟಕದ ಮೇಲೂ ಹೊರಿಸಿವೆ. ಗಿರಾಕಿ ಕೈಬಿಟ್ಟುಹೋದಾನೆಂದು ಅಂದು ಸುಮ್ಮನಿದ್ದವರು ನ್ಯಾಯಾಲಯದಲ್ಲಿ ಆಸ್ಪತ್ರೆಯತ್ತ ಬೆರಳು ತೋರಿಸಿದರೆ ಅದಕ್ಕೆಷ್ಟು ಬೆಲೆ?

ಮಲೆನಾಡಿನ ಪಾಡು ಇನ್ನೂ ತೊಡಕಿನದು. ಸಂಸ್ಕರಿಸದ ಕಸವನ್ನು 48 ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಹಿಂಬದಿಯಲ್ಲಿ ಚೀಲಗಳು ಕೊಳೆಯುತ್ತವೆ. ದೂರದ ಊರುಗಳಿಗೆ ಆಳಗುಂಡಿಯಲ್ಲಿ ಹೂಳುವ ಅವಕಾಶವೇನೋ ಉಂಟು. ಆದರೆ ಅಂತರ್ಜಲವು ಗುಂಡಿಯ ತಳಕ್ಕಿಂತ ಕನಿಷ್ಠ 6 ಮೀಟರ್ ಕೆಳಗಿರಬೇಕು. ಆಷಾಢದಲ್ಲಿ ಬಾವಿಯ ನೀರು ಕೈಗೆಟಕುವ ಊರಿನಲ್ಲಿ ಅಂಥ ಜಾಗ ಎಲ್ಲಿಯದು?

ಘಟಕದ ಹೊಗೆಯ ಮಾಪನ ನಿರಂತರವಾಗಿ ಮಂಡಳಿಯ ಗಣಕಕ್ಕೆ ತಲುಪಬೇಕೆಂಬುದೂ 2016ರ ನಿಯಮ. ಆ ದಾಖಲೆಯನ್ನು, ಮಾದರಿ ತೆಗೆದ ದಿನದ ನೋಟಿಸಿನ ಪ್ರತಿಯನ್ನು, ವಸೂಲಾದ ಹಣ ಎಲ್ಲಿ ವಿನಿಯೋಗವಾಯಿತೆಂಬ ಲೆಕ್ಕವನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಊರವರು ಕೇಳಬಹುದು. ಕಾಲೇಜಿನ ಹುಡುಗರು ಹೊಗೆ ಎದ್ದ ದಿನ, ಗಂಟೆ, ಗಾಳಿ ಬೀಸಿದ ದಿಕ್ಕನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮಂಡಳಿಯ ದಾಖಲೆಯೊಡನೆ ಅದನ್ನು ತಾಳೆ ನೋಡಬಹುದು. ಮೇಲ್ಮನವಿಯ ವಿಚಾರಣೆ ಆರಂಭವಾಗುವ ಮುನ್ನವೇ ಈ ಕೆಲಸ ಆಗಿರಬೇಕು.