ಮಾವಿನೆಲೆಯೂ ಮೆದುಳಿನ ಅರ್ಬುದವೂ

ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಟಿಪ್ಪು ಸುಲ್ತಾನನ ಕಾಲದಿಂದ ಬಂದುದೆಂದು ಪ್ರತೀತಿಯಿರುವ ‘ಬಡಾ ಬಾಗ್’ ಎಂಬ ಮಾವಿನ ತೋಪೊಂದಿದೆ. ರೈತರಾದ ಸೈಯದ್ ಘನಿ ಖಾನರು ಅಲ್ಲಿ ನೂರಕ್ಕೂ ಮಿಕ್ಕ ಮಾವಿನ ತಳಿಗಳನ್ನೂ, ತಮ್ಮ ಗದ್ದೆಯಲ್ಲಿ ನೂರಾರು ದೇಶೀ ಭತ್ತದ ತಳಿಗಳನ್ನೂ ಕಾಪಾಡಿಕೊಂಡು ಬಂದಿರುವುದು ನಾಡು ಬಲ್ಲ ಸಂಗತಿ. ಮೆದುಳಿನ ಅರ್ಬುದದಂತಹ ಘೋರ ವ್ಯಾಧಿಯ ಪ್ರಸ್ತಾಪದಲ್ಲಿ ಈ ತೋಪಿನ ಹೆಸರನ್ನು ಎತ್ತಲು ಕಾರಣವೇನೆಂದು ವಾಚಕರು ಕೇಳಬಹುದು. ಮಾವಿನ ಎಲೆ, ತೊಗಟೆ, ಸಿಪ್ಪೆಗಳಲ್ಲಿ ಮ್ಯಾಂಜಿಫೆರಿನ್ ಎಂಬ ದ್ರವ್ಯವಿದೆ. ಮೆದುಳಿನ ಗಂತಿಯ ಕಣಗಳು ನೆರೆಯ ಭಾಗಕ್ಕೆ ನುಗ್ಗಲು ನೆರವಾಗುವ ಒಂದು ಕಿಣ್ವವನ್ನು ಅದು ತಗ್ಗಿಸುವುದೆಂದು ಕೊರಿಯಾದ ಸಂಶೋಧಕರು 2012ರಲ್ಲಿ ಪ್ರಕಟಿಸಿದರು.

ಇಂತಹ ವಾರ್ತೆ ಬಂದೊಡನೆ ಮಾವಿನೆಲೆಯ ಕಷಾಯವೇ ಅರ್ಬುದಕ್ಕೆ ಮದ್ದೆಂದು ಸಾರುವವರು ಹುಟ್ಟಿಕೊಳ್ಳುತ್ತಾರೆ. ಆ ಫಲ ಕಂಡುದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕಣಗಳಲ್ಲಿಯೇ ಹೊರತು ರೋಗಿಯ ತಲೆಯಲ್ಲಲ್ಲ. ಬಾಯಿಂದ ಸೇವಿಸಿದ ಮ್ಯಾಂಜಿಫೆರಿನ್ ರಕ್ತವನ್ನು ಸೇರುವುದೇ ಅತ್ಯಲ್ಪ. ಅರಿಸಿನದ ಕರ್ಕ್ಯುಮಿನ್ನಿನ ಪಾಡೂ ಅದೇ. ರಕ್ತವನ್ನು ಸೇರಿದ ಮೇಲೆಯೂ ಇನ್ನೊಂದು ಕೋಟೆಯುಂಟು. ಮೆದುಳಿನ ಸೂಕ್ಷ್ಮ ರಕ್ತನಾಳಗಳ ಗೋಡೆಯ ಕಣಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡು ಪರಕೀಯ ದ್ರವ್ಯಗಳನ್ನು ಒಳಬಿಡುವುದಿಲ್ಲ; ಒಳನುಸುಳಿದ ಅನೇಕ ದ್ರವ್ಯಗಳನ್ನು ಮರಳಿ ಹೊರದೂಡುತ್ತವೆ. ನಮ್ಮನ್ನು ವಿಷದಿಂದ ಕಾಯುವ ಈ ಕಾವಲೇ ಮದ್ದಿಗೂ ಅಡ್ಡಿಯಾಗಿದೆ.

ಹಾಗೆಂದು ಸಸ್ಯಗಳನ್ನು ತಿರಸ್ಕರಿಸತಕ್ಕದ್ದೆಂಬುದು ನಮ್ಮ ಮತವಲ್ಲ. ಹಿತ್ತಲಲ್ಲಿ ಯಾರ ಆರೈಕೆಯೂ ಇಲ್ಲದೆ ಅರಳುವ ನಿತ್ಯಪುಷ್ಪದಿಂದ, ಎಂದರೆ ಕಾಶಿಕಣಗಿಲೆಯಿಂದ, ತೆಗೆದ ವಿಂಕ್ರಿಸ್ಟಿನ್ 1963ರಲ್ಲಿ ಅಮೆರಿಕೆಯಲ್ಲಿ ಅಂಗೀಕೃತವಾಯಿತು. ಮಕ್ಕಳ ಮೆದುಳಿನ ಕೆಲವು ಗಂತಿಗಳಿಗೆ ಇಂದಿಗೂ ಅದನ್ನು ಕೊಡುತ್ತಾರೆ. ವಯಸ್ಕರ ಒಂದು ಬಗೆಯ ಗಂತಿಯಲ್ಲಿ ಅದನ್ನು ಬೇರೆರಡು ಮದ್ದುಗಳೊಡನೆ ವಿಕಿರಣ ಚಿಕಿತ್ಸೆಗೆ ಜೋಡಿಸಿದಾಗ ಮಧ್ಯಮ ಆಯುಷ್ಯವು ಸುಮಾರು 7 ವರ್ಷದಿಂದ 14 ವರ್ಷಕ್ಕೂ ಮೀರಿತೆಂದು 2013ರಲ್ಲಿ ಪ್ರಕಟವಾಯಿತು. ವಿಚಿತ್ರವೆಂದರೆ ವಿಂಕ್ರಿಸ್ಟಿನ್ ಕೂಡ ಆ ಕೋಟೆಯನ್ನು ದಾಟುವುದು ಕಷ್ಟದಿಂದಲೇ. ಆ ಯಶಸ್ಸಿನಲ್ಲಿ ಅದರ ಪಾಲೆಷ್ಟೆಂಬ ಚರ್ಚೆ ಮುಗಿದಿಲ್ಲ. ಗಿಡದ ಮದ್ದು ನಿರಪಾಯವೆಂಬ ಭ್ರಮೆಗೂ ಇಲ್ಲಿಯೇ ಉತ್ತರವಿದೆ: ಅಭಿಧಮನಿಗೆ ಕೊಡತಕ್ಕ ಈ ಮದ್ದು ಕೈತಪ್ಪಿ ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಪ್ರಾಣವನ್ನೇ ತೆಗೆಯುತ್ತದೆ.

ಸಾಗರ ತಾಲ್ಲೂಕಿನ ನರಸೀಪುರದಲ್ಲಿ ಮರದ ತೊಗಟೆಯ ಔಷಧಕ್ಕಾಗಿ ನಾಡಿನ ಮೂಲೆಮೂಲೆಗಳಿಂದ ಬಂದ ಅರ್ಬುದ ರೋಗಿಗಳ ಬಂಧುಗಳು ಸಾಲುಗಟ್ಟಿ ನಿಂತದ್ದನ್ನು ನಾಡು ಕಂಡಿದೆ. ಅವರನ್ನು ಮೂಢರೆಂದು ಹಳಿಯಲು ನಾವು ಸಿದ್ಧರಿಲ್ಲ. ಗ್ಲಿಯೋಬ್ಲಾಸ್ಟೋಮವೆಂಬ ಅತಿ ಕ್ರೂರವಾದ ಗಂತಿಯಲ್ಲಿ ಶಸ್ತ್ರಕ್ರಿಯೆ, ವಿಕಿರಣ, 2005ರಿಂದ ರೂಢಿಗೆ ಬಂದ ಟೆಮೊಜೊಲೊಮೈಡ್ ಗುಳಿಗೆ, ಈ ಮೂರೂ ಸೇರಿದರೂ ಮಧ್ಯಮ ಆಯುಷ್ಯವು ಸುಮಾರು 15 ತಿಂಗಳು ಮಾತ್ರ. ಕಬ್ಬಿನ ಹಣವೂ ಮುಗಿದು, ವೈದ್ಯರೂ ಕೈಚೆಲ್ಲಿದ ಮೇಲೆ ಮಂಡ್ಯದ ರೈತನು ಸೊಪ್ಪಿನ ಮದ್ದನ್ನು ಅರಸಿ ಹೋದರೆ ಅದರಲ್ಲಿ ಸೋಜಿಗವೇನು? ನಮ್ಮ ಆತಂಕವಿರುವುದು ಮೊದಲೇ ಹೋಗುವವರ ವಿಷಯದಲ್ಲಿ. ಶಸ್ತ್ರಕ್ರಿಯೆಯಿಂದ ತೆಗೆಯಬಹುದಾದ ಗಂತಿಯನ್ನು ಕಷಾಯ ಕುಡಿಯುತ್ತ ಮೂರು ತಿಂಗಳು ಬೆಳೆಯಲು ಬಿಟ್ಟು, ಬಳಿಕ ಬೆಂಗಳೂರಿನ ನಿಮ್ಹಾನ್ಸಿಗೋ ಕಿದ್ವಾಯಿ ಸಂಸ್ಥೆಗೋ ಬಂದರೆ, ಕಳೆದ ಕಾಲವನ್ನು ಯಾವ ತಜ್ಞನೂ ಮರಳಿ ಕೊಡಲಾರನು. ಕಷಾಯ ಕುಡಿಯುತ್ತಿರುವವರು ಅದನ್ನು ವೈದ್ಯರಿಂದ ಮುಚ್ಚಿಡಬಾರದು. ವೈದ್ಯರೂ ಆ ಮಾತು ಕೇಳಿದೊಡನೆ ಗದರಬಾರದು.

ಆದರೆ ಸಂಶೋಧನೆಯ ಹೊಣೆ ರೋಗಿಯದಲ್ಲ, ಸರಕಾರದ್ದು. ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ಅರ್ಬುದನಿರೋಧಕ ದ್ರವ್ಯವಿದೆ. ಅದು ಯಾವ ಕಾಡಿನ ಮರದಲ್ಲಿ ಎಷ್ಟಿದೆಯೆಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಅಳೆದಿದ್ದಾರೆ. ಮ್ಯಾಂಜಿಫೆರಿನ್ನಿನ ಪ್ರಮಾಣವೂ ಮಾವಿನ ತಳಿಯಿಂದ ತಳಿಗೆ ಬೇರೆ. ಹೀಗಿರಲು ನೂರು ತಳಿಗಳು ಒಂದೇ ಮಣ್ಣಿನಲ್ಲಿ ನಿಂತಿರುವ ತೋಪು ವಿಜ್ಞಾನಕ್ಕೆ ಎಷ್ಟು ದೊಡ್ಡ ಅನುಕೂಲವೆಂಬುದನ್ನು ಹೇಳಬೇಕಾಗಿಲ್ಲ. ಹಣ್ಣಿಗೆ ಬೆಲೆಯಿಲ್ಲದ ತಳಿಯನ್ನು ಕಡಿದು ಬಾದಾಮಿ ಮಾವನ್ನು ನೆಡುವುದು ಸುಲಭ. ಕಡಿದ ಮೇಲೆ ಅದರ ಎಲೆಯನ್ನು ಪರೀಕ್ಷಿಸಲು ಯಾರಿಗೂ ಸಾಧ್ಯವಿಲ್ಲ.

ತೋಟಗಾರಿಕೆ ಇಲಾಖೆಯವರು ಇಂತಹ ಹಳೆಯ ತೋಪುಗಳ ತಳಿಪಟ್ಟಿಯನ್ನು ಸಿದ್ಧಪಡಿಸಿ, ಮರ ಉಳಿಸಿದ ರೈತರಿಗೆ ವರ್ಷಾಶನವನ್ನು ಗೊತ್ತುಮಾಡಬೇಕು. ಎಲೆಗಳ ಪರೀಕ್ಷೆಯನ್ನು ನಮ್ಮ ವಿಶ್ವವಿದ್ಯಾನಿಲಯಗಳೇ ನಡೆಸಬೇಕು. ಅರಿಸಿನವು ಗಾಯ ಮಾಯಿಸುವುದೆಂಬ ಅಜ್ಜಿಯರ ತಿಳಿವಿಗೆ ಅಮೆರಿಕೆಯಲ್ಲಿ 1995ರಲ್ಲಿ ಪೇಟೆಂಟು ದೊರೆತು, ಭಾರತವು ಹೋರಾಡಿ 1997ರಲ್ಲಿ ಅದನ್ನು ರದ್ದುಪಡಿಸಬೇಕಾಗಿ ಬಂದುದನ್ನು ನಾವು ಮರೆತಿಲ್ಲ. 2002ರ ಜೀವವೈವಿಧ್ಯ ಕಾಯಿದೆಯು ಲಾಭದಲ್ಲಿ ನ್ಯಾಯವಾದ ಪಾಲನ್ನು ವಿಧಿಸಿದೆ. ಕಿರುಗಾವಲಿನಿಂದ ಒಂದು ಚೀಲ ಎಲೆ ಪ್ರಯೋಗಶಾಲೆಗೆ ಹೊರಡುವ ಮುನ್ನ ಆ ಪಾಲಿನ ಕರಾರುಪತ್ರವು ತೋಪಿನ ಒಡೆಯರ ಕೈ ಸೇರಿರಬೇಕು.