ಪದಕ ಎಣಿಸಿದ್ದಾಯ್ತು, ಬಿಲ್ ಕೂಡ ನೋಡೋಣವೇ?

2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದ್‌ಗೆ ಸಿಕ್ಕಿದೆ. 2025ರ ನವೆಂಬರ್‌ನಲ್ಲಿ ಗ್ಲಾಸ್ಗೋದಲ್ಲಿ ನಡೆದ ಸಭೆಯಲ್ಲಿ ಅದು ಅಧಿಕೃತವಾಯ್ತು. 1930ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಶುರುವಾದ ಕೂಟಕ್ಕೆ ಆ ವರ್ಷ ಸರಿಯಾಗಿ ನೂರು ತುಂಬುತ್ತೆ. ಇಂಥ ಸುದ್ದಿ ಬಂದಾಗ ನಮ್ಮ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಎರಡೇ ಥರದ ಮಾತು. ಒಂದು, ‘ಸೂಪರ್, ಮುಂದೆ ಒಲಿಂಪಿಕ್ಸ್!’ ಇನ್ನೊಂದು, ‘ಅಯ್ಯೋ, ಮತ್ತೆ ದಿಲ್ಲಿ ಕಥೆನೇ.’

ಎರಡನೇ ಮಾತು ಹೇಳುವವರಲ್ಲಿ ಎಷ್ಟೋ ಜನ 2010ರಲ್ಲಿ ಸ್ಕೂಲಲ್ಲೋ ಪಿಯುಸಿಯಲ್ಲೋ ಇದ್ದವರು. ಹಗರಣ ಅನ್ನೋ ಪದವೊಂದು ನೆನಪಿದೆ, ಉಳಿದದ್ದು ಮಸುಕು. ಹಾಗಾಗಿ ಈ ವಾರ ಆ ಕೂಟದ ಕಡೆಗೇ ಒಮ್ಮೆ ತಿರುಗಿ ನೋಡೋಣ. ಗೆದ್ದದ್ದೇನು, ಖರ್ಚಾದದ್ದೇನು, ಉಳಿದದ್ದೇನು?

ಕೊನೆಯ ದಿನದ ಎರಡು ಚಿನ್ನ

2010ರ ಅಕ್ಟೋಬರ್ 3ರಿಂದ 14ರವರೆಗೆ ದಿಲ್ಲಿಯಲ್ಲಿ ಕೂಟ ನಡೀತು. 71 ತಂಡಗಳು ಬಂದಿದ್ದವು. ಕೊನೆಯ ದಿನ ಬೆಳಗಾದಾಗ ಇಂಗ್ಲೆಂಡ್ ಬಳಿ 37 ಚಿನ್ನ, ಭಾರತದ ಬಳಿ 36. ಆಸ್ಟ್ರೇಲಿಯಾ ಯಾರ ಕೈಗೂ ಸಿಗದಷ್ಟು ಮುಂದಿತ್ತು, ಜಗಳ ಇದ್ದದ್ದು ಎರಡನೇ ಸ್ಥಾನಕ್ಕೆ. ಅದೇ ದಿನ ಹಾಕಿ ಫೈನಲ್‌ನಲ್ಲಿ ನಮ್ಮವರು ಆಸ್ಟ್ರೇಲಿಯಾ ಎದುರು 0-8ರಿಂದ ಸೋತರು. ನೋಡುತ್ತಿದ್ದವರಿಗೆ ಟಿವಿ ಆಫ್ ಮಾಡಿಬಿಡೋಣ ಅನ್ನಿಸುವಂಥ ಸೋಲು.

ಮಾನ ಉಳಿಸಿದ್ದು ಬ್ಯಾಡ್ಮಿಂಟನ್. ಮಹಿಳೆಯರ ಡಬಲ್ಸ್‌ನಲ್ಲಿ ಜ್ವಾಲಾ ಗುಟ್ಟಾ ಜೊತೆ ನಮ್ಮ ಅಶ್ವಿನಿ ಪೊನ್ನಪ್ಪ ಚಿನ್ನ ಗೆದ್ದರು. ಈ ಕೂಟದ ಡಬಲ್ಸ್‌ನಲ್ಲಿ ಭಾರತದ ಮಹಿಳೆಯರಿಗೆ ಅದೇ ಮೊದಲ ಚಿನ್ನ. ಲೆಕ್ಕ 37-37 ಆಯ್ತು. ಆಮೇಲೆ ಸೈನಾ ನೆಹ್ವಾಲ್ ಮಲೇಷ್ಯಾದ ವಾಂಗ್ ಮ್ಯೂ ಚೂ ಎದುರು ಮೊದಲ ಗೇಮ್ ಸೋತು, ಎರಡನೇ ಗೇಮ್‌ನಲ್ಲಿ ಮ್ಯಾಚ್ ಪಾಯಿಂಟ್ ಉಳಿಸಿಕೊಂಡು, ಮೂರನೆಯದನ್ನು ಸಲೀಸಾಗಿ ಗೆದ್ದರು. 38ನೇ ಚಿನ್ನ. ಭಾರತ ಎರಡನೇ ಸ್ಥಾನಕ್ಕೆ ಬಂತು. ಒಟ್ಟು 101 ಪದಕ: 38 ಚಿನ್ನ, 27 ಬೆಳ್ಳಿ, 36 ಕಂಚು. ಇವತ್ತಿಗೂ ಈ ಕೂಟದಲ್ಲಿ ನಮ್ಮ ಅತ್ಯುತ್ತಮ ಸಾಧನೆ ಇದೇ.

ಆ ದಿನಗಳಲ್ಲಿ ಖುಷಿಪಡೋಕೆ ಇನ್ನೂ ಬೇಕಾದಷ್ಟಿತ್ತು. ಮಹಿಳೆಯರ ಡಿಸ್ಕಸ್ ಥ್ರೋದಲ್ಲಿ ಚಿನ್ನ, ಬೆಳ್ಳಿ, ಕಂಚು ಮೂರೂ ನಮ್ಮವರಿಗೇ. ಚಿನ್ನ ಗೆದ್ದ ಕೃಷ್ಣಾ ಪೂನಿಯಾ, 1958ರಲ್ಲಿ ಮಿಲ್ಖಾ ಸಿಂಗ್ ಗೆದ್ದ ಮೇಲೆ ಅಥ್ಲೆಟಿಕ್ಸ್‌ನಲ್ಲಿ ಭಾರತಕ್ಕೆ ಚಿನ್ನ ತಂದ ಮೊದಲಿಗರು. ಮಧ್ಯೆ 52 ವರ್ಷ! ಪುರುಷರ ಡಿಸ್ಕಸ್‌ನಲ್ಲಿ ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ಬೆಳ್ಳಿ ಗೆದ್ದರು. ‘ದಂಗಲ್’ ಸಿನಿಮಾ ನೋಡಿದವರಿಗೆ ಗೀತಾ ಫೋಗಟ್ ಗೆದ್ದ ಕೂಟ ಇದೇ ಅಂತ ಬೇರೆ ಹೇಳಬೇಕಿಲ್ಲ.

ಆತಿಥೇಯರಿಗೆ ಸಿಗುವ ಲಾಭ

ಈಗ ಸ್ವಲ್ಪ ಲೆಕ್ಕ. 2006ರ ಮೆಲ್ಬರ್ನ್‌ನಲ್ಲಿ ನಮಗೆ 50 ಪದಕ. 2010ರಲ್ಲಿ 101. 2014ರ ಗ್ಲಾಸ್ಗೋದಲ್ಲಿ 64, ಅದರಲ್ಲಿ ಚಿನ್ನ ಬರೀ 15. ನಾಲ್ಕೇ ವರ್ಷದಲ್ಲಿ ನಮ್ಮವರೆಲ್ಲ ಆಟ ಮರೆತುಬಿಟ್ಟರಾ? ಖಂಡಿತ ಇಲ್ಲ.

ದಿಲ್ಲಿಯ 38 ಚಿನ್ನ ಎಲ್ಲಿಂದ ಬಂತು ನೋಡಿ. ಶೂಟಿಂಗ್ 14, ಕುಸ್ತಿ 10, ಆರ್ಚರಿ 3, ಬಾಕ್ಸಿಂಗ್ 3, ಬ್ಯಾಡ್ಮಿಂಟನ್, ಅಥ್ಲೆಟಿಕ್ಸ್, ವೇಟ್‌ಲಿಫ್ಟಿಂಗ್ ತಲಾ 2, ಟೆನಿಸ್ ಮತ್ತು ಟೇಬಲ್ ಟೆನಿಸ್ ತಲಾ 1. ಕಾಮನ್‌ವೆಲ್ತ್ ಕೂಟದಲ್ಲಿ ಕೆಲವು ಆಟಗಳು ಕಡ್ಡಾಯ, ಉಳಿದವನ್ನು ಆತಿಥೇಯರು ಪಟ್ಟಿಯಿಂದ ಆರಿಸಿಕೊಳ್ಳಬಹುದು. ಮದುವೆ ಮನೆಯವರೇ ಊಟದ ಮೆನು ಬರೆದ ಹಾಗೆ, ತಮಗೆ ಇಷ್ಟವಾದದ್ದು ಎರಡು ಐಟಂ ಜಾಸ್ತಿ ಇದ್ದೇ ಇರುತ್ತೆ. ದಿಲ್ಲಿಯಲ್ಲಿ ಆರ್ಚರಿ, ಟೆನಿಸ್, ಗ್ರೀಕೋ-ರೋಮನ್ ಕುಸ್ತಿ ಇದ್ದವು. ನಾಲ್ಕು ವರ್ಷದ ಮೇಲೆ ಗ್ಲಾಸ್ಗೋದಲ್ಲಿ ಮೂರೂ ಇರಲಿಲ್ಲ. ಈ ಮೂರರಿಂದಲೇ ನಮಗೆ ಎಂಟು ಚಿನ್ನ ಬಂದಿತ್ತು. ಶೂಟಿಂಗ್‌ನ ಜೋಡಿ ಸ್ಪರ್ಧೆಗಳನ್ನೂ ಕೈಬಿಟ್ಟರು. ದಿಲ್ಲಿಯಲ್ಲಿ ಗಗನ್ ನಾರಂಗ್ ಗೆದ್ದ ನಾಲ್ಕು ಚಿನ್ನಗಳಲ್ಲಿ ಎರಡು ಜೋಡಿ ಸ್ಪರ್ಧೆಯವು.

ಇದು ಮೋಸ ಅಲ್ಲ, ಎಲ್ಲ ಆತಿಥೇಯರೂ ಮಾಡೋದೇ. ಆದರೆ ಪದಕದ ಸಂಖ್ಯೆ ಏರಿದಾಗ ‘ದೇಶದ ಕ್ರೀಡೆ ಬೆಳೀತು’ ಅಂತಲೂ, ಇಳಿದಾಗ ‘ಆಟಗಾರರು ಸೋಮಾರಿಗಳಾದರು’ ಅಂತಲೂ ಹೇಳುವ ಮುಂಚೆ ಮೆನು ಕಾರ್ಡ್ ನೋಡಬೇಕು. 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ ನಾವು ಗೆದ್ದ 22 ಚಿನ್ನಗಳಲ್ಲಿ 13 ಬಂದದ್ದು ಕುಸ್ತಿ, ಬ್ಯಾಡ್ಮಿಂಟನ್, ಟೇಬಲ್ ಟೆನಿಸ್‌ನಿಂದ. 2026ರ ಗ್ಲಾಸ್ಗೋ ಕೂಟದ 10 ಆಟಗಳ ಪಟ್ಟಿಯಲ್ಲಿ ಆ ಮೂರೂ ಇಲ್ಲ. ಹಾಕಿ, ಶೂಟಿಂಗ್ ಕೂಡ ಇಲ್ಲ. ಆ ಪದಕ ಪಟ್ಟಿ ನೋಡಿ ನಮ್ಮ ಹುಡುಗ-ಹುಡುಗಿಯರನ್ನು ಬೈಯುವವರಿಗೆ ಇಷ್ಟು ಹೇಳಿಬಿಡಿ, ಸಾಕು.

ಬಿಲ್ ಎಷ್ಟಾಯ್ತು?

ದಿಲ್ಲಿ ಕೂಟಕ್ಕೆ ಬಿಡ್ ಮಾಡುವಾಗ ಇದ್ದ ಅಂದಾಜು ಸುಮಾರು 1,200 ಕೋಟಿ ರೂಪಾಯಿ. ಸಿಎಜಿ 2011ರಲ್ಲಿ ಕೊಟ್ಟ ವರದಿ ಪ್ರಕಾರ ಕೇಂದ್ರ ಮತ್ತು ದಿಲ್ಲಿ ಸರ್ಕಾರಗಳ ಲೆಕ್ಕ ಸುಮಾರು 18,500 ಕೋಟಿಗೆ ಏರಿತ್ತು. ಮೆಟ್ರೊ, ವಿಮಾನ ನಿಲ್ದಾಣದ ಖರ್ಚು ಅದರಲ್ಲಿ ಸೇರಿಲ್ಲ. ಆತಿಥ್ಯ ಸಿಕ್ಕಿದ್ದು 2003ರಲ್ಲಿ, ಏಳು ವರ್ಷ ಟೈಮ್ ಇತ್ತು. ಆದರೂ ಕೊನೆ ಗಳಿಗೆಯ ಓಡಾಟ. ಗಡುವು ಹತ್ತಿರ ಬಂದಾಗ ರೇಟ್ ಕೇಳುವಷ್ಟು ವ್ಯವಧಾನ ಯಾರಿಗೂ ಇರಲ್ಲ ಅನ್ನೋದು ಪ್ರಾಜೆಕ್ಟ್ ಡೆಡ್‌ಲೈನ್‌ನಲ್ಲಿ ಬದುಕುವ ನಿಮಗೆ ಗೊತ್ತೇ ಇದೆ. ಕೂಟ ಶುರುವಾಗೋಕೆ ಎರಡು ವಾರ ಇದೆ ಅನ್ನುವಾಗ ಮುಖ್ಯ ಸ್ಟೇಡಿಯಂ ಪಕ್ಕದ ಪಾದಚಾರಿ ಸೇತುವೆ ಕುಸಿದು 20ಕ್ಕೂ ಹೆಚ್ಚು ಕಾರ್ಮಿಕರಿಗೆ ಗಾಯವಾಯ್ತು.

ಆ ಕಾರ್ಮಿಕರ ಬಗ್ಗೆ ನಾವು ಮಾತಾಡೋದೇ ಕಡಿಮೆ. ದಿಲ್ಲಿ ಹೈಕೋರ್ಟ್ ನೇಮಿಸಿದ ಸಮಿತಿಯೊಂದು, ಕೂಟದ ಕಾಮಗಾರಿಗಳಲ್ಲಿ ಕನಿಷ್ಠ ಕೂಲಿ ಸಿಗುತ್ತಿಲ್ಲ, ಇರೋಕೆ ಸರಿಯಾದ ಜಾಗ ಇಲ್ಲ ಅಂತ ಕೂಟಕ್ಕೆ ಮುಂಚೆಯೇ ವರದಿ ಕೊಟ್ಟಿತ್ತು. ಸಾವಿರಾರು ಕೋಟಿ ಖರ್ಚಾಗುವ ಕಡೆ ದಿನಗೂಲಿಯಲ್ಲಿ ಉಳಿತಾಯ!

ಖರ್ಚು ಕೈಮೀರೋದು ನಮ್ಮ ದೇಶದ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. 2026ರ ಕೂಟ ಮೊದಲು ಸಿಕ್ಕಿದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯಕ್ಕೆ. 2.6 ಶತಕೋಟಿ ಡಾಲರ್ ಅಂದಾಜು 6ರಿಂದ 7 ಶತಕೋಟಿಗೆ ಏರುತ್ತೆ ಅಂತ ಗೊತ್ತಾದಾಗ, 2023ರ ಜುಲೈನಲ್ಲಿ ಆ ಸರ್ಕಾರ ‘ನಮ್ಮಿಂದ ಆಗಲ್ಲ’ ಅಂದುಬಿಟ್ಟಿತು. ಪರಿಹಾರವಾಗಿ 380 ಮಿಲಿಯನ್ ಡಾಲರ್ ಕಟ್ಟಿ ಕೈತೊಳೆದುಕೊಂಡಿತು. ಗ್ಲಾಸ್ಗೋ ಅದನ್ನು ವಹಿಸಿಕೊಂಡಿದ್ದು ಇರುವ ನಾಲ್ಕು ಕ್ರೀಡಾಂಗಣಗಳಲ್ಲೇ, ಎಂಟು ಮೈಲಿಯ ಅಳತೆಯೊಳಗೆ ಮುಗಿಸ್ತೀವಿ ಅನ್ನೋ ಷರತ್ತಿನ ಮೇಲೆ. ನಮ್ಮ ಆಟಗಳು ಪಟ್ಟಿಯಿಂದ ಹೋದದ್ದೂ ಅದಕ್ಕೇ.

ಇನ್ನೊಬ್ಬ ಅಶ್ವಿನಿ

ಹಣಕ್ಕಿಂತ ದೊಡ್ಡ ಬಿಲ್ ಇನ್ನೊಂದಿದೆ. ಕುಂದಾಪುರದ ಕಡೆಯವರಿಗೆ ಇದು ಇವತ್ತಿಗೂ ನೋವಿನ ವಿಷಯ. ಸಿದ್ದಾಪುರದ ಹತ್ತಿರದ ಜನ್ಸಾಲೆಯ ಕೃಷಿಕ ಕುಟುಂಬದ ಹುಡುಗಿ ಅಶ್ವಿನಿ ಅಕ್ಕುಂಜಿ, ದಿಲ್ಲಿಯ 4×400 ಮೀಟರ್ ರಿಲೇಯಲ್ಲಿ ಮೂರನೆಯವರಾಗಿ ಓಡಿದರು. ಮಂಜೀತ್ ಕೌರ್, ಸಿನಿ ಜೋಸ್, ಅಶ್ವಿನಿ, ಮನ್‌ದೀಪ್ ಕೌರ್. ನೈಜೀರಿಯಾ, ಇಂಗ್ಲೆಂಡ್ ತಂಡಗಳನ್ನು ಹಿಂದಿಕ್ಕಿ 3 ನಿಮಿಷ 27.77 ಸೆಕೆಂಡ್‌ನಲ್ಲಿ ಚಿನ್ನ. ಅಂದು ನೆಹರು ಸ್ಟೇಡಿಯಂನಲ್ಲಿ ಎದ್ದ ಕೂಗು ಇಡೀ ಕೂಟದಲ್ಲೇ ದೊಡ್ಡದು ಅಂತ ಅಲ್ಲಿದ್ದವರು ಹೇಳ್ತಾರೆ. ಮರು ತಿಂಗಳು ಗುವಾಂಗ್ಝೌ ಏಷ್ಯನ್ ಗೇಮ್ಸ್‌ನಲ್ಲಿ ಅಶ್ವಿನಿಗೆ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ.

2011ರಲ್ಲಿ ಎಲ್ಲ ತಲೆಕೆಳಗಾಯ್ತು. ಅಶ್ವಿನಿ, ಸಿನಿ, ಮನ್‌ದೀಪ್ ಸೇರಿ ಹಲವು ಓಟಗಾರ್ತಿಯರು ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಶಿಬಿರದಲ್ಲಿ ವಿದೇಶಿ ಕೋಚ್ ಕೊಟ್ಟ ಜಿನ್ಸೆಂಗ್ ಪೂರಕದಿಂದ ಹೀಗಾಯ್ತು ಅನ್ನೋದು ಅವರ ವಾದ. ಇಲ್ಲಿನ ಶಿಸ್ತು ಸಮಿತಿ ಅವರ ಮಾತಿಗೆ ಬೆಲೆ ಕೊಟ್ಟು ಒಂದು ವರ್ಷದ ನಿಷೇಧ ಹಾಕಿತು. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷ ಮಾಡಿತು. 2012ರ ಲಂಡನ್ ಒಲಿಂಪಿಕ್ಸ್ ತಪ್ಪಿತು. ಕೋಚ್‌ನ ಕೆಲಸ ಹೋಯ್ತು. ದಿಲ್ಲಿಯ ಪದಕ ಅವರ ಬಳಿಯೇ ಉಳಿಯಿತು, ಆದರೆ ಆ ಓಟದ ಬಗ್ಗೆ ಮಾತು ಬಂದಾಗಲೆಲ್ಲ ಈ ಮಾತೂ ಜೊತೆಗೇ ಬರುತ್ತೆ.

ಯಾವುದನ್ನು ತಿನ್ನಬೇಕು, ಯಾವ ಬಾಟಲಿಯಲ್ಲಿ ಏನಿದೆ ಅಂತ ಆಟಗಾರರಿಗೆ ತಿಳಿಸುವವರು ಬೇಕಲ್ವಾ? ನಿಯಮದ ಪ್ರಕಾರ ದೇಹದೊಳಗೆ ಏನೇ ಸಿಕ್ಕರೂ ಹೊಣೆ ಆಟಗಾರರದ್ದೇ. ಹಾಗಿದ್ದ ಮೇಲೆ ಒಬ್ಬ ಒಳ್ಳೆಯ ಡಾಕ್ಟರ್, ಒಂದು ಒಳ್ಳೆಯ ಪೂರಕ ಪರೀಕ್ಷಾ ವ್ಯವಸ್ಥೆಗೆ ಆಗುವ ಖರ್ಚು, ಸ್ಟೇಡಿಯಂ ಚಾವಣಿಯ ಖರ್ಚಿನ ಮುಂದೆ ಎಷ್ಟು?

ಉಳಿದದ್ದೇನು?

ಏನೂ ಉಳಿಯಲಿಲ್ಲ ಅನ್ನೋದೂ ಸುಳ್ಳು. 1982ರ ಏಷ್ಯಾಡ್‌ಗೆ ಕಟ್ಟಿ, 2010ಕ್ಕೆ ಹೊಸದು ಮಾಡಿದ ಜವಾಹರಲಾಲ್ ನೆಹರು ಸ್ಟೇಡಿಯಂನಲ್ಲೇ 2025ರಲ್ಲಿ ವಿಶ್ವ ಪ್ಯಾರಾ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆದು, ಭಾರತ 22 ಪದಕ ಗೆದ್ದಿತು. ನಮ್ಮ ಬೆಂಗಳೂರನ್ನೇ ನೋಡಿ. ಕೋರಮಂಗಲದಲ್ಲಿ ನೀವು ದಿನಾ ‘ಎನ್‌ಜಿವಿ’ ಅಂತ ಕ್ಯಾಬ್ ಬುಕ್ ಮಾಡ್ತೀರಲ್ಲ, ಅದು ನ್ಯಾಷನಲ್ ಗೇಮ್ಸ್ ವಿಲೇಜ್. 1997ರ ರಾಷ್ಟ್ರೀಯ ಕ್ರೀಡಾಕೂಟದ ಆಟಗಾರರಿಗೆ ಕಟ್ಟಿದ ಮನೆಗಳು, ಈಗ ಸಂಸಾರಗಳು ತುಂಬಿರುವ ಅಪಾರ್ಟ್‌ಮೆಂಟ್. ಅದೇ ಕೂಟ ಕಂಡ ಕಂಠೀರವ ಸ್ಟೇಡಿಯಂನಲ್ಲಿ 2025ರ ಜುಲೈನಲ್ಲಿ ನೀರಜ್ ಚೋಪ್ರಾ ಜಾವೆಲಿನ್ ಎಸೆದು ಗೆದ್ದರು. ಕಟ್ಟಿದ್ದು ಬಳಕೆಗೆ ಬಂದರೆ ಖರ್ಚು ಖರ್ಚಾಗಿ ಉಳಿಯಲ್ಲ.

ಹಾಗಾದರೆ 2030ಕ್ಕೆ ಏನು ಕೇಳಬೇಕು? ‘ಬೇಕಾ, ಬೇಡವಾ’ ಅನ್ನೋ ಚರ್ಚೆ ಮುಗಿದಿದೆ, ಆತಿಥ್ಯ ಬಂದಾಗಿದೆ. ಇನ್ನು ಕೇಳಬೇಕಾದದ್ದು ಮೂರೇ. ಒಂದು, ಖರ್ಚಿನ ಲೆಕ್ಕ ಕೂಟ ಮುಗಿದ ಮೇಲಲ್ಲ, ಪ್ರತಿ ವರ್ಷ ಸಾರ್ವಜನಿಕರ ಮುಂದೆ ಬರುತ್ತಾ? ಎರಡು, ಕಟ್ಟುವವರಿಗೆ ಸರಿಯಾದ ಕೂಲಿ, ಸರಿಯಾದ ಸೂರು ಇದೆಯಾ? ಮೂರು, 2031ರ ಜನವರಿಯಲ್ಲಿ ಆ ಈಜುಕೊಳಕ್ಕೆ ಅಹಮದಾಬಾದ್‌ನ ಸರ್ಕಾರಿ ಶಾಲೆಯ ಹುಡುಗಿಯೊಬ್ಬಳು ಒಳಗೆ ಹೋಗಬಹುದಾ, ಅಥವಾ ಗೇಟ್‌ಗೆ ಬೀಗ ಬಿದ್ದಿರುತ್ತಾ?

ಪದಕ ಪಟ್ಟಿ ಹೇಗಿದ್ದರೂ ಅಂದು ರಾತ್ರಿ ನಮ್ಮ ಮೊಬೈಲ್‌ಗೆ ಬಂದೇ ಬರುತ್ತೆ. ಈ ಮೂರು ಪ್ರಶ್ನೆಗೆ ಉತ್ತರ ಮಾತ್ರ ತಾನಾಗಿ ಬರಲ್ಲ. ಕೇಳಿದರಷ್ಟೇ ಬರುತ್ತೆ, ಅದೂ ಈಗಿನಿಂದಲೇ ಕೇಳಬೇಕು.